‘ನೆಗಡಿ ಗಂಟು ಬಿಡೋ ಅಂದಿದ್ದೆ ಮೇಡಂ’

ಪ್ರಶ್ನೆ: ಮೇಡಂ, ನನಗೆ 24 ವರ್ಷ. ದಾವಣಗೆರೆ ಎಪಿಎಂಸಿಯ ಒಂದು ದಲ್ಲಾಳಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಹೋದ ವರ್ಷ ನನ್ನ ಗೆಳೆಯ ಲಿಂಫೋಮಾ ಅನ್ನೋ ಕ್ಯಾನ್ಸರ್‌ನಿಂದ ತೀರಿಕೊಂಡ. ನನಗಿಂತ ಎರಡೇ ವರ್ಷ ದೊಡ್ಡವನು. ಅವನ ಕಾರ್ಯ ಮುಗಿದು ಒಂದು ತಿಂಗಳಿಗೆ ನನ್ನ ಕುತ್ತಿಗೆಯ ಬಲಗಡೆ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತು. ಮೂವರು ಡಾಕ್ಟರ್ ನೋಡಿದ್ದಾರೆ. ಎರಡು ಸಲ ಸ್ಕ್ಯಾನಿಂಗ್, ಮೂರು ಸಲ ಬ್ಲಡ್ ಟೆಸ್ಟ್, ಒಂದು ಎಕ್ಸ್‌ರೇ ಆಗಿದೆ. ಎಲ್ಲಾ ನಾರ್ಮಲ್. ಸ್ಕ್ಯಾನಿಂಗ್‌ನಲ್ಲಿ 8 ಮಿಲಿಮೀಟರ್, ‘ರಿಯಾಕ್ಟಿವ್’ ಅಂತ ಬರೆದಿದ್ದಾರೆ. ರಿಪೋರ್ಟ್ ಬಂದ ದಿನ ಚೆನ್ನಾಗಿ ನಿದ್ದೆ ಬರುತ್ತದೆ. ನಾಲ್ಕನೇ ದಿನಕ್ಕೆ ಮತ್ತೆ ಶುರು. ರಾತ್ರಿ ಎರಡು ಗಂಟೆವರೆಗೆ ಮೊಬೈಲ್‌ನಲ್ಲಿ ಓದುತ್ತೇನೆ. ಟಾರ್ಚ್ ಹಾಕಿಕೊಂಡು ಗಂಟಲಿನ ಫೋಟೊ ತೆಗೆಯುತ್ತೇನೆ. ನಾಲ್ಕು ಕೆಜಿ ಇಳಿದಿದ್ದೇನೆ, ರಾತ್ರಿ ಬೆವರುತ್ತದೆ. ಟೆನ್ಶನ್‌ಗೆ ದಿನಾ ನಾಲ್ಕೈದು ಸಲ ಅಡಿಕೆ ಹಾಕುತ್ತೇನೆ, ತಂಬಾಕು ಇಲ್ಲ. ಮನೆಯಲ್ಲಿ ಹೆಣ್ಣು ನೋಡೋಣ ಅಂದರೆ ಬೇಡ ಅನ್ನುತ್ತಿದ್ದೇನೆ. ಪೆಟ್ ಸ್ಕ್ಯಾನ್ ಮಾಡಿಸಿದರೆ ನನಗೆ ಕ್ಯಾನ್ಸರ್ ಇಲ್ಲ ಅಂತ ನೂರಕ್ಕೆ ನೂರು ಗೊತ್ತಾಗುತ್ತದಾ? ಇನ್ನೊಂದು ಮಾತು. ಗೆಳೆಯ ಆ ಗಂಟನ್ನು ಮೊದಲು ತೋರಿಸಿದ್ದು ನನಗೇ. ನಾನು ‘ನೆಗಡಿ ಗಂಟು ಬಿಡೋ’ ಅಂದಿದ್ದೆ.

ಉತ್ತರ: ತಮ್ಮಾ, ನನ್ನ ಮಗನಿಗೂ ಹೆಚ್ಚುಕಡಿಮೆ ನಿನ್ನದೇ ವಯಸ್ಸು. ಅದಕ್ಕೆ ಏಕವಚನದಲ್ಲೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಗಂಟಿನ ಬಗ್ಗೆ ಒಂದು ಪುಟ ಇದೆ. ಗೆಳೆಯನಿಗೆ ನೀನು ಹೇಳಿದ ಮಾತು ಕೊನೆಗೆ ಒಂದೇ ಸಾಲು. ನನಗೆ ಆ ಸಾಲೇ ಇಡೀ ಪತ್ರ ಅನ್ನಿಸಿತು. ಅಲ್ಲಿಗೆ ಆಮೇಲೆ ಬರುತ್ತೇನೆ. ಮೊದಲು ಗಂಟಿನ ವಿಷಯ ಮುಗಿಸೋಣ, ಇಲ್ಲದಿದ್ದರೆ ನಿನಗೆ ಬೇರೆ ಮಾತು ಕಿವಿಗೆ ಬೀಳುವುದಿಲ್ಲ.

ಕುತ್ತಿಗೆಯಲ್ಲಿ ಇಂಥ ಗಂಟುಗಳು ಎಲ್ಲರಿಗೂ ಇರುತ್ತವೆ. ಇವಕ್ಕೆ ಲಿಂಫ್ ನೋಡ್ ಅನ್ನುತ್ತೇವೆ. ಜೋಳಕ್ಕೆ ಜರಡಿ ಹೇಗೋ ಮೈಗೆ ಇವು ಹಾಗೆ. ಗಂಟಲು ಕೆರೆತ, ಹಲ್ಲಿನ ಹುಳುಕು, ತಲೆಯ ಹೊಟ್ಟು, ಮುಖದ ಮೊಡವೆ, ಯಾವುದರಿಂದ ಸೋಂಕು ಬಂದರೂ ಅಲ್ಲಿ ಸೋಸುವ ಕೆಲಸ ನಡೆಯುತ್ತದೆ. ಕೆಲಸ ಜಾಸ್ತಿಯಾದಾಗ ಗಂಟು ಊದುತ್ತದೆ. ‘ರಿಯಾಕ್ಟಿವ್’ ಅಂದರೆ ಇಷ್ಟೇ. ಸೋಂಕು ಹೋದ ಮೇಲೂ ಕೆಲವು ಗಂಟುಗಳು ಚಿಕ್ಕದಾಗಿ ಹಾಗೇ ಉಳಿದುಬಿಡುತ್ತವೆ. ತೆಳ್ಳಗಿರುವ ಹುಡುಗರ ಕುತ್ತಿಗೆಯಲ್ಲಿ ಸುಲಭವಾಗಿ ಕೈಗೆ ಸಿಗುತ್ತವೆ. ಅದರಲ್ಲೂ ಹುಡುಕುವ ಕೈಗೆ ಬೇಗ ಸಿಗುತ್ತವೆ.

ಇನ್ನೊಂದು ಸಂಗತಿ ನಿನಗೆ ಯಾರೂ ಹೇಳಿಲ್ಲ ಅನ್ನಿಸುತ್ತದೆ. ದಿನಾ ಒತ್ತಿ ಒತ್ತಿ ನೋಡಿದರೆ ಗಂಟು ನೋಯುತ್ತದೆ, ಸುತ್ತಲಿನ ಜಾಗ ಊದಿದಂತೆ ಆಗುತ್ತದೆ. ಆಗ ‘ದೊಡ್ಡದಾಯಿತು’ ಅನ್ನಿಸುತ್ತದೆ. ಮತ್ತೆ ಒತ್ತುತ್ತೀಯ. ನಿಮ್ಮ ಅಂಗಡಿಗೆ ಮೆಕ್ಕೆಜೋಳ ಬಂದಾಗ ಚೀಲಕ್ಕೆ ಕೊಳವೆ ಚುಚ್ಚಿ ಸ್ಯಾಂಪಲ್ ತೆಗೆಯುತ್ತಾರಲ್ವಾ? ತೇವ ಎಷ್ಟಿದೆ ಅಂತ ಮೀಟರಿನಲ್ಲಿ ನೋಡಿ, ಚೀಟಿ ಬರೆದು, ಮುಂದಿನ ಲಾಟಿಗೆ ಹೋಗುತ್ತೀರಿ. ಅದೇ ಚೀಲಕ್ಕೆ ನಲವತ್ತು ಸಲ ಚುಚ್ಚಿದರೆ ತೇವ ಬದಲಾಗುವುದಿಲ್ಲ, ಚೀಲ ಹರಿಯುತ್ತದೆ. ನಿನ್ನ ಚೀಟಿ ಬರೆದಾಗಿದೆ. ಮೂವರು ಬರೆದುಕೊಟ್ಟಿದ್ದಾರೆ.

ಈಗ ಪೆಟ್ ಸ್ಕ್ಯಾನ್. ಬೇಡ. ಮೈಗೆ ಸ್ವಲ್ಪ ವಿಕಿರಣ ಬೆರೆಸಿದ ಸಕ್ಕರೆಯಂಥ ಔಷಧಿ ಚುಚ್ಚುತ್ತಾರೆ. ಸಕ್ಕರೆ ಜಾಸ್ತಿ ತಿನ್ನುವ ಜಾಗ ಚಿತ್ರದಲ್ಲಿ ಹೊಳೆಯುತ್ತದೆ. ಕ್ಯಾನ್ಸರ್ ಹೊಳೆಯುತ್ತದೆ, ನಿಜ. ಟಿಬಿ ಗಂಟೂ ಹೊಳೆಯುತ್ತದೆ, ಸುಮ್ನೆ ಗಂಟಲು ನೋವಿಗೆ ಊದಿದ ಗಂಟೂ ಹೊಳೆಯಬಹುದು. ಆಗ ಬಯಾಪ್ಸಿ, ಅದರ ರಿಪೋರ್ಟ್ ಬರುವವರೆಗೆ ನಿದ್ದೆ ಇಲ್ಲ. ಹಲವು ವರ್ಷಗಳಲ್ಲಿ ಪ್ರಕೃತಿಯಿಂದ ಮೈಗೆ ಬೀಳುವಷ್ಟು ವಿಕಿರಣ ಒಂದೇ ದಿನ ಬೀಳುತ್ತದೆ. ಕ್ಯಾನ್ಸರ್ ಇರುವವರಿಗೆ ಇದು ತುಂಬಾ ಬೇಕಾದ ಪರೀಕ್ಷೆ, ಅಲ್ಲಿ ಲೆಕ್ಕ ಬೇರೆ. ನಿನಗೆ ಅದು ಇನ್ನೊಂದು ನಾಲ್ಕು ದಿನದ ನಿದ್ದೆ ಕೊಡುತ್ತದೆ, ಅಷ್ಟೇ. ಐದನೇ ದಿನ ‘ಸ್ಕ್ಯಾನ್ ಆದಮೇಲೆ ಶುರುವಾಗಿದ್ದರೆ?’ ಅಂತ ಮನಸ್ಸು ಕೇಳುತ್ತದೆ. ನೂರಕ್ಕೆ ನೂರು ಅನ್ನುವುದನ್ನು ಯಾವ ಯಂತ್ರವೂ ಕೊಡಲ್ಲ. ನನಗೂ ಅದು ಇಲ್ಲ, ನಿನ್ನ ಅಂಗಡಿ ಸಾಹುಕಾರರಿಗೂ ಇಲ್ಲ. ನಾವೆಲ್ಲ ಅದಿಲ್ಲದೇ ಊಟ ಮಾಡಿ ಮಲಗುತ್ತೇವೆ. ನಿನ್ನಿಂದ ತಪ್ಪಿಹೋಗಿರುವುದು ಈ ಮಲಗುವ ಶಕ್ತಿ. ಔಷಧಿ ಬೇಕಾಗಿರುವುದು ಅದಕ್ಕೆ.

ಇದನ್ನು ನಾನು ಬರೀ ಪುಸ್ತಕ ಓದಿ ಹೇಳುತ್ತಿಲ್ಲ. ದಾವಣಗೆರೆಯಲ್ಲೇ ಎಂಬಿಬಿಎಸ್ ಎರಡನೇ ವರ್ಷದಲ್ಲಿದ್ದೆ. ಎದೆಯಲ್ಲಿ ಗೋಲಿಯಷ್ಟು ಗಂಟು ಸಿಕ್ಕಿತು. ಪೆಥಾಲಜಿ ಕ್ಲಾಸಿನಲ್ಲಿ ದಿನಾ ಕ್ಯಾನ್ಸರ್ ಪಾಠ ನಡೆಯುತ್ತಿದ್ದ ದಿನಗಳು. ಸೂಜಿ ಪರೀಕ್ಷೆ ಮಾಡಿದರು. ಫೈಬ್ರೋಅಡಿನೋಮಾ ಅಂತ ಬಂತು, ಹುಡುಗಿಯರಲ್ಲಿ ತುಂಬಾ ಕಾಣುವ, ಬೆರಳಿಗೆ ಜಾರುವ ಸಾಧು ಗಂಟು. ಸ್ಲೈಡನ್ನು ನಾನೇ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಆದರೂ ಭಯ ಹೋಗಲಿಲ್ಲ. ಹಾಸ್ಟೆಲ್ ಬಚ್ಚಲುಮನೆಯಲ್ಲಿ ದಿನಕ್ಕೆ ಐದಾರು ಸಲ ಒತ್ತಿ ನೋಡುತ್ತಿದ್ದೆ. ಹೊರಗೆ ಬಕೆಟ್ ಹಿಡಿದು ಕಾಯುವ ಹುಡುಗಿಯರು ಬಾಗಿಲು ಬಡಿಯುತ್ತಿದ್ದರು. ಕೊನೆಗೆ ಸರ್ಜರಿ ವಿಭಾಗದ ಮೇಡಂ ಒಬ್ಬರು ನನ್ನ ಎರಡೂ ಕೈ ಹಿಡಿದು ಹೇಳಿದರು: ‘ಇನ್ನು ಮೂರು ತಿಂಗಳು ಈ ಗಂಟು ನಂದು. ನೋಡೋ ಕೆಲಸ ನಂದು. ನೀನು ಮುಟ್ಟಬೇಡ.’ ಮೊದಲ ವಾರ ಹುಚ್ಚು ಹಿಡಿದಂತಾಗಿತ್ತು. ಮೂರನೇ ವಾರ ಒಂದು ಸಂಜೆ ಬೆಣ್ಣೆದೋಸೆ ತಿನ್ನುವಾಗ ತಟ್ಟನೆ ಗೊತ್ತಾಯಿತು, ಬೆಳಗಿನಿಂದ ಅದರ ನೆನಪೇ ಬಂದಿಲ್ಲ ಅಂತ.

ನೀನು ಮಾಡಬೇಕಾದದ್ದೂ ಅದೇ. ಮೂವರು ಡಾಕ್ಟರ್ ಬೇಡ, ಒಬ್ಬರನ್ನು ಇಟ್ಟುಕೋ. ಭಯದ ವಿಷಯವನ್ನೂ ಸೇರಿಸಿ ಎಲ್ಲಾ ಹೇಳು. ಮುಂದಿನ ತಪಾಸಣೆಗೆ ಅವರ ಹತ್ತಿರ ಒಂದು ದಿನಾಂಕ ತಗೋ. ಆ ದಿನದವರೆಗೆ ಗಂಟು ಅವರದ್ದು. ನಡುವೆ ಯಾವಾಗ ಹೋಗಬೇಕು ಅನ್ನುವುದನ್ನೂ ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೋ: ಗಂಟು ಎರಡು ಸೆಂಟಿಮೀಟರ್ ದಾಟಿದರೆ, ಕಲ್ಲಿನಂತೆ ಗಟ್ಟಿಯಾಗಿ ಅಲುಗಾಡದಿದ್ದರೆ, ಕೊರಳೆಲುಬಿನ (ಕಾಲರ್ ಬೋನ್) ಮೇಲಿನ ಗುಳಿಯಲ್ಲಿ ಹೊಸದು ಬಂದರೆ, ಜ್ವರ ಅಥವಾ ಕೆಮ್ಮು ಎರಡು ವಾರ ಬಿಡದಿದ್ದರೆ, ಬಟ್ಟೆ ಹಾಸಿಗೆ ತೊಯ್ಯುವಷ್ಟು ಬೆವರಿದರೆ. ಮೆಕ್ಕೆಜೋಳದ ದೂಳಿಗೆ ಕೆಮ್ಮು ಬರುವುದುಂಟು, ಆದರೆ ಎರಡು ವಾರ ದಾಟಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ಟಿಬಿಯ ಕಫ ಪರೀಕ್ಷೆ ಪುಕ್ಕಟೆ, ಮಾಡಿಸಿಬಿಡು.

ನಾಲ್ಕು ಕೆಜಿ ಇಳಿದಿದ್ದೇನೆ, ಬೆವರುತ್ತೇನೆ ಅಂತ ಬರೆದಿದ್ದೀಯ. ಎರಡನ್ನೂ ಆ ಡಾಕ್ಟರಿಗೆ ಬಿಡಿಸಿ ಹೇಳು, ಮುಚ್ಚಿಡಬೇಡ. ಆದರೆ ರಾತ್ರಿ ಎರಡರವರೆಗೆ ಎದ್ದಿದ್ದು, ಊಟ ಅರ್ಧಕ್ಕೆ ಬಿಟ್ಟು, ಎದೆ ಹೊಡೆದುಕೊಳ್ಳುತ್ತಾ ಮಲಗುವವನಿಗೆ ತೂಕ ಇಳಿಯುತ್ತದೆ, ಕುತ್ತಿಗೆ ಬೆನ್ನು ಬೆವರುತ್ತವೆ. ಹೆದರಿಕೆಯೂ ಮೈಯಲ್ಲೇ ನಡೆಯುವ ಕೆಲಸ. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಅನ್ನಿಸುವುದೂ ಅದರಿಂದ ಆಗುತ್ತದೆ.

ಮುಟ್ಟುವುದನ್ನು ಒಂದೇ ದಿನ ಬಿಡು ಅಂದರೆ ಆಗುವುದಿಲ್ಲ. ನೀನು ಲೆಕ್ಕ ಬರೆಯುವವನು, ಲೆಕ್ಕದಿಂದಲೇ ಶುರು ಮಾಡು. ಜೇಬಿನಲ್ಲಿ ಚಿಕ್ಕ ಪುಸ್ತಕ ಇಟ್ಟುಕೊಂಡು ಮೂರು ದಿನ ಕುತ್ತಿಗೆಗೆ ಕೈ ಹೋದಾಗಲೆಲ್ಲ ಒಂದು ಗೆರೆ ಹಾಕು. ಐವತ್ತು ಬಂದರೂ ಗಾಬರಿ ಬೇಡ. ಮುಂದಿನ ವಾರ ಅದರ ಅರ್ಧ. ಕೈ ಎದ್ದಾಗ ‘ಹದಿನೈದು ನಿಮಿಷ ಆಮೇಲೆ’ ಅಂತ ಮುಂದೆ ಹಾಕು. ಆ ಹದಿನೈದು ನಿಮಿಷ ಕಷ್ಟವೇ. ಭಯ ಏರುತ್ತದೆ, ಒಂದು ಮಟ್ಟಕ್ಕೆ ನಿಲ್ಲುತ್ತದೆ, ಆಮೇಲೆ ತಾನೇ ಇಳಿಯುತ್ತದೆ. ನೀನು ಇಷ್ಟು ದಿನ ಮುಟ್ಟಿ ನೋಡಿ ಇಳಿಸುತ್ತಿದ್ದೆ, ಅದಕ್ಕೇ ಅದು ತಾನಾಗಿ ಇಳಿಯುತ್ತದೆ ಅನ್ನುವುದು ನಿನಗೆ ಗೊತ್ತೇ ಆಗಿಲ್ಲ. ಮೊಬೈಲನ್ನು ರಾತ್ರಿ ಹತ್ತಕ್ಕೆ ಹಾಲ್‌ನಲ್ಲಿ ಚಾರ್ಜಿಗೆ ಹಾಕಿ ಮಲಗು. ಎರಡು ಗಂಟೆಗೆ ಓದುವ ಯಾವ ಮಾಹಿತಿಯೂ ನಿನ್ನ ಬಗ್ಗೆ ಬರೆದದ್ದಲ್ಲ.

ಒಂದು ತಿಂಗಳಲ್ಲಿ ಹಿಡಿತಕ್ಕೆ ಬರದಿದ್ದರೆ ಮನೋವೈದ್ಯರನ್ನು ನೋಡು. ಸಿಬಿಟಿ ಅಂತ ಮಾತಿನ ಚಿಕಿತ್ಸೆ ಇದೆ, ವಾರಕ್ಕೊಂದು ಸಲ ಕೆಲವು ತಿಂಗಳು. ಕಾಯಿಲೆಯ ಭಯಕ್ಕೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಕೆಲವರಿಗೆ ಮಾತ್ರೆ ಬೇಕಾಗುತ್ತದೆ. ಪರಿಣಾಮ ಕಾಣಲು ನಾಲ್ಕಾರು ವಾರ ಹಿಡಿಯುತ್ತದೆ. ಅದು ಚಟವಾಗುವ ನಿದ್ದೆ ಮಾತ್ರೆ ಅಲ್ಲ, ಆದರೆ ಡಾಕ್ಟರ್ ಹೇಳದೇ ನಿಲ್ಲಿಸಬಾರದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಸಂಕೋಚ ಅನ್ನಿಸಿದರೆ ಮೊದಲು 14416ಕ್ಕೆ ಫೋನ್ ಮಾಡು. ಸರ್ಕಾರ 2022ರಲ್ಲಿ ಶುರು ಮಾಡಿದ ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯ ಸಹಾಯವಾಣಿ ಅದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಅಡಿಕೆ ವಿಷಯ ನನಗೆ ಸಂಕಟ ಮಾಡಿತು. ಅಡಿಕೆ ಬೆಳೆಯುವ ಚನ್ನಗಿರಿ ಕಡೆಯವರು ಬೇಜಾರು ಮಾಡಿಕೊಂಡರೂ ಹೇಳಲೇಬೇಕು. ತಂಬಾಕು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ಅಡಿಕೆ ಅಗಿಯುವವರ ಕೆನ್ನೆಯ ಒಳಗಿನ ಚರ್ಮ ನಿಧಾನಕ್ಕೆ ಬಿಗಿಯುತ್ತಾ ಹೋಗುತ್ತದೆ, ಖಾರ ತಿಂದರೆ ಉರಿ, ಆಮೇಲೆ ಬಾಯಿಗೆ ಮೂರು ಬೆರಳು ಹೋಗುವುದೂ ಕಷ್ಟ. ನಿನ್ನ ವಯಸ್ಸಿನವರನ್ನೇ ಹೀಗೆ ನೋಡಿದ್ದೇನೆ. ಇಲ್ಲದ ಕ್ಯಾನ್ಸರಿಗೆ ಹೆದರಿ ಅದನ್ನು ತರುವ ವಸ್ತುವನ್ನು ಬಾಯಿಗೆ ಹಾಕಬೇಡ. ಇವತ್ತೇ ಬಿಡು. ಬಾಯಿ ಸುಮ್ಮನಿರದಿದ್ದರೆ ಸೋಂಪು, ಹುರಿಗಡಲೆ ಹಾಕಿಕೋ. ಒಂದು ಸಲ ದಂತವೈದ್ಯರಿಗೆ ಬಾಯಿ ತೋರಿಸು. ಇದು ಮಾತ್ರ ಮಾಡಿಸಲೇಬೇಕಾದ ಪರೀಕ್ಷೆ.

ಈಗ ಆ ಸಾಲು.

ನೀನು ಅವನಿಗೆ ‘ನೆಗಡಿ ಗಂಟು’ ಅಂದೆ. ಡಾಕ್ಟರ್ ಆಗಿ ಹೇಳುತ್ತೇನೆ, ಆ ವಯಸ್ಸಿನ ಹುಡುಗ ಮೊದಲ ದಿನ ಬಂದು ಕುತ್ತಿಗೆ ತೋರಿಸಿದ್ದರೆ ನಾನೂ ಮೊದಲು ಅದನ್ನೇ ಯೋಚಿಸುತ್ತಿದ್ದೆ. ‘ಎರಡು ವಾರ ಬಿಟ್ಟು ಬಾ’ ಅನ್ನುತ್ತಿದ್ದೆ. ನೀನು ಕೊಟ್ಟಿದ್ದು ಗೆಳೆಯನ ಧೈರ್ಯ. ಅವನು ನಿನ್ನಿಂದ ಕೇಳಿದ್ದೂ ಅದನ್ನೇ. ನೀನು ಈಗ ಒಂದು ವರ್ಷದಿಂದ ನಿನ್ನ ಕುತ್ತಿಗೆಯಲ್ಲಿ ಅವನ ಗಂಟನ್ನು ಹುಡುಕುತ್ತಿದ್ದೀಯ. ಅವನಿಗೆ ಹೇಳಲಾಗದೇ ಹೋದ ‘ಡಾಕ್ಟರ್ ಹತ್ತಿರ ಹೋಗೋಣ ನಡಿ’ ಅನ್ನುವ ಮಾತನ್ನು ನಿನಗೆ ನೀನೇ ದಿನಾ ಹೇಳಿಕೊಳ್ಳುತ್ತಿದ್ದೀಯ. ಹೀಗೆ ಅಂತ ನನಗೆ ಅನ್ನಿಸುತ್ತದೆ.

ಕಾರ್ಯ ಆದಮೇಲೆ ಅವರ ಮನೆಗೆ ಹೋಗಿದ್ದೀಯಾ? ಪತ್ರದಲ್ಲಿ ಇಲ್ಲ. ಹೋಗಿರಲಾರೆ ಅಂತ ನನ್ನ ಊಹೆ. ಒಂದು ಭಾನುವಾರ ಹೋಗು. ಅವರ ಅಮ್ಮನ ಹತ್ತಿರ ಕೂತುಕೋ. ಗಂಟಿನ ಮಾತು ಎತ್ತಲೇಬೇಕು ಅಂತಿಲ್ಲ. ಅವನ ಬಗ್ಗೆ ಮಾತಾಡಿ, ಅವರು ಕೊಟ್ಟ ಕಾಫಿ ಕುಡಿದು ಬಾ. ಅಳು ಬಂದರೆ ಅಲ್ಲೇ ಅಳು. ಮಗನ ಗೆಳೆಯರು ಮನೆ ಕಡೆ ಬರುವುದು ನಿಂತುಹೋಯಿತು ಅಂತ ಕೊರಗುವ ತಾಯಂದಿರು ನನ್ನ ಕ್ಲಿನಿಕ್ಕಿಗೆ ಬರುತ್ತಾರೆ.

ಮದುವೆ ಮಾತನ್ನು ಆರು ತಿಂಗಳು ಮುಂದೆ ಹಾಕು ಅಂತ ಮನೆಯಲ್ಲಿ ಹೇಳು. ಬೇಡ ಅನ್ನಬೇಡ.

ಪ್ರಶ್ನೆ: ನಾವು ಚಿತ್ರದುರ್ಗದವರು. ಡಿಗ್ರಿ ಓದುವ ಮಗಳಿಗೆ 20 ವರ್ಷ. ತಲೆನೋವು ಬಂದರೆ ಬ್ರೈನ್ ಟ್ಯೂಮರ್ ಅಂತ ಹೆದರುತ್ತಾಳೆ. ಡಾಕ್ಟರ್ ಮೈಗ್ರೇನ್ ಅಂದಿದ್ದಾರೆ. ಆದರೂ ದಿನಕ್ಕೆ ಹತ್ತು ಸಲ ‘ಅಮ್ಮ, ಇದು ಅದಲ್ಲ ಅಲ್ವಾ?’ ಅಂತ ಕೇಳುತ್ತಾಳೆ. ಅಲ್ಲ ಅಂತ ಹೇಳಿ ಹೇಳಿ ಸಾಕಾಗಿದೆ. ಒಮ್ಮೆ ಬೈದೂ ಬಿಟ್ಟೆ. ಏನು ಹೇಳಲಿ?

ಉತ್ತರ: ತಾಯಿ, ಬೈದದ್ದಕ್ಕೆ ಕೊರಗಬೇಡಿ. ಹತ್ತು ಸಲ ‘ಅಲ್ಲ’ ಅಂದಿದ್ದಕ್ಕೇ ಹನ್ನೊಂದನೇ ಸಲ ಕೇಳುತ್ತಿದ್ದಾಳೆ. ನಿಮ್ಮ ‘ಅಲ್ಲ’ ಅವಳಿಗೆ ಸ್ಕ್ಯಾನಿಂಗ್ ರಿಪೋರ್ಟ್ ಇದ್ದ ಹಾಗೆ, ಸ್ವಲ್ಪ ಹೊತ್ತು ಇರುತ್ತದೆ. ಅವಳು ಸಮಾಧಾನವಾಗಿರುವ ಹೊತ್ತಿನಲ್ಲಿ ಕೂರಿಸಿಕೊಂಡು ಮೊದಲೇ ಒಪ್ಪಂದ ಮಾಡಿಕೊಳ್ಳಿ. ‘ಇನ್ನು ಕೇಳಿದರೆ ಉತ್ತರ ಹೇಳಲ್ಲ, ಆದರೆ ಜೊತೆಗಿರುತ್ತೇನೆ’ ಅನ್ನಿ. ಕೇಳಿದಾಗ ‘ಭಯ ಆಗ್ತಿದೆಯಾ, ಬಾ ಕೂತ್ಕೋ’ ಅಂತ ಪಕ್ಕಕ್ಕೆ ಕರೆದುಕೊಳ್ಳಿ. ಅಪ್ಪ, ಅಜ್ಜಿಗೂ ಹೇಳಿಡಿ, ಇಲ್ಲದಿದ್ದರೆ ಅವರ ಹತ್ತಿರ ಹೋಗಿ ಕೇಳುತ್ತಾಳೆ.

ಬೆಳಗಿನ ತಿಂಡಿ ತಪ್ಪುವುದು, ನಿದ್ದೆಗೆಡುವುದು, ಮುಟ್ಟಿನ ದಿನಗಳು ಮೈಗ್ರೇನ್ ತರುತ್ತವೆ, ಅದನ್ನು ಗಮನಿಸಿ. ಬೆಳಗ್ಗೆ ಎದ್ದಾಗ ತಲೆನೋವಿನ ಜೊತೆ ವಾಂತಿ, ಕಣ್ಣು ಮಂಜಾಗುವುದು, ಫಿಟ್ಸ್, ಕೈಕಾಲು ಶಕ್ತಿ ಇಲ್ಲದಂತಾಗುವುದು, ನೋವು ವಾರದಿಂದ ವಾರಕ್ಕೆ ಏರುತ್ತಾ ಹೋಗುವುದು ಕಂಡರೆ ಮಾತ್ರ ತಡ ಮಾಡದೆ ತೋರಿಸಿ.

ಮಗಳು ಕೋಟೆ ಹತ್ತುವುದನ್ನು ಬಿಟ್ಟಿದ್ದಾಳೆ, ಎದೆ ಹೊಡೆದುಕೊಂಡರೆ ಹೆದರುತ್ತಾಳೆ ಅಂತ ಪತ್ರದ ಅಂಚಿನಲ್ಲಿ ಬರೆದಿದ್ದೀರಿ. ಅಲ್ಲಿಂದಲೇ ಶುರು ಮಾಡಿ. ಬೆಳಗ್ಗೆ ಬಿಸಿಲು ಏರುವ ಮುಂಚೆ ಇಬ್ಬರೂ ಹೋಗಿ. ಮೊದಲ ದಿನ ಎರಡನೇ ಬಾಗಿಲಿನವರೆಗೆ ಸಾಕು. ಏದುಸಿರು ಬಂದಾಗ ಇಳಿಯಬೇಡಿ, ಅಲ್ಲೇ ಕಲ್ಲಿನ ಮೇಲೆ ಕೂತು ಎದೆಬಡಿತ ತಾನೇ ಇಳಿಯುವವರೆಗೆ ಕಾಯಿರಿ. ಮುಂದಿನ ವಾರ ಇನ್ನೊಂದು ಬಾಗಿಲು. ಏಕನಾಥೇಶ್ವರಿ ಗುಡಿವರೆಗೆ ಹೋದ ದಿನ ನನಗೊಂದು ಕಾರ್ಡ್ ಬರೆಯಿರಿ.