ಅಕ್ಕಸಾಲಿಗನ ಮಣೆಗೆ ಕೂರುವ ಮುನ್ನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಚಿನ್ನ-ಬೆಳ್ಳಿ ಕೆಲಸ ಕಲಿಯಲು ಹೊರಟಿರುವ ಕೆಲವರು ಬರೆದ ಪ್ರಶ್ನೆಗಳನ್ನು ಈ ಸಲ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಪಿಯುಸಿ ಮುಗಿದಿದೆ. ಆರು ತಿಂಗಳ ನಂತರ ಬೆಂಗಳೂರಿನ ನಗರ್ತಪೇಟೆಯಲ್ಲಿ ಒಡವೆ ಮಾಡುವವರೊಬ್ಬರ ಬಳಿ ಅಪ್ರೆಂಟಿಸ್ ಆಗಿ ಸೇರಲಿದ್ದೇನೆ. ನಮ್ಮ ಮನೆಯಲ್ಲಿ ಯಾರಿಗೂ ಈ ಕಸುಬು ಗೊತ್ತಿಲ್ಲ. ಅಷ್ಟರೊಳಗೆ ಏನು ಕಲಿತಿರಬೇಕು, ಏನೇನು ಕೊಳ್ಳಬೇಕು? (ಶಿರಸಿಯ ಓದುಗ)

ಉತ್ತರ: ಗರಗಸ ಮತ್ತು ಅರ. ಮೊದಲ ಎರಡು ತಿಂಗಳು ಇವೆರಡನ್ನು ಬಿಟ್ಟು ಬೇರೇನನ್ನೂ ಮುಟ್ಟಬೇಡಿ. ಉಂಗುರ, ಓಲೆ ಮಾಡುವ ಆತುರ ಎಲ್ಲರಿಗೂ ಇರುತ್ತದೆ. ಆದರೆ ಹೊಸ ಹುಡುಗನ ಕೈ ಹೇಗಿದೆ ಎಂದು ಯಜಮಾನರು ನೋಡುವುದು ಅವನು ಗೆರೆಯ ಮೇಲೆ ಕೊಯ್ಯುತ್ತಾನೋ ಇಲ್ಲವೋ ಎಂಬುದರಲ್ಲಿ.

ಕೊಳ್ಳಬೇಕಾದ್ದು ಇಷ್ಟೇ: ಗರಗಸದ ಚೌಕಟ್ಟು, 2/0 ಮತ್ತು 4/0 ಬ್ಲೇಡು ಒಂದೊಂದು ಗ್ರೋಸ್ (ಅಂದರೆ 144), ಮೇಜಿಗೆ ಬಿಗಿಯುವ 'ವಿ' ಆಕಾರದ ಸೀಳಿರುವ ಮರದ ಹಲಗೆ, ಆರಿಂಚಿನ ಅರ್ಧವೃತ್ತದ ಅರ, ಸೂಜಿ ಅರಗಳ ಒಂದು ಸೆಟ್, ಗೀರುಮೊಳೆ, ವರ್ನಿಯರ್ ಕ್ಯಾಲಿಪರ್, ಜೇನುಮೇಣ, ಕಣ್ಣಿಗೆ ಕನ್ನಡಕ. ಅಭ್ಯಾಸಕ್ಕೆ 0.8 ಮಿ.ಮೀ. ದಪ್ಪದ ತಾಮ್ರದ ತಗಡು ತನ್ನಿ. ಬ್ಲೇಡಿನ ಕನಿಷ್ಠ ಎರಡು ಹಲ್ಲಾದರೂ ತಗಡಿನ ದಪ್ಪದೊಳಗೆ ಕೂರಬೇಕು. 0.8ಕ್ಕೆ 2/0 ಸರಿಹೋಗುತ್ತದೆ, 0.5 ಮಿ.ಮೀ.ಗೆ 4/0 ಹಾಕಿ.

ಬ್ಲೇಡಿನ ಹಲ್ಲು ಹೊರಮುಖವಾಗಿ, ಹಿಡಿಯ ಕಡೆಗೆ ಇಳಿದಿರಬೇಕು. ಬೆರಳು ಸವರಿದರೆ ಗೊತ್ತಾಗುತ್ತದೆ: ಮೇಲಕ್ಕೆ ಎಳೆದಾಗ ಚುಚ್ಚುತ್ತದೆ, ಕೆಳಕ್ಕೆ ಎಳೆದರೆ ಜಾರುತ್ತದೆ. ಒಂದು ತುದಿ ಬಿಗಿದು, ಚೌಕಟ್ಟನ್ನು ಎದೆಗೂ ಮೇಜಿಗೂ ನಡುವೆ ತುಸು ಒತ್ತಿ, ಆಮೇಲೆ ಇನ್ನೊಂದು ತುದಿ ಬಿಗಿಯಿರಿ. ಮೀಟಿದರೆ 'ಟಿಣ್' ಎನ್ನಬೇಕು. 'ದಪ್' ಎಂದರೆ ಸಡಿಲವಾಗಿದೆ, ತಿರುವಿನಲ್ಲಿ ಮುರಿದೇ ಮುರಿಯುತ್ತದೆ.

ಬ್ಲೇಡು ಮುರಿಯಲು ಇನ್ನೂ ಕಾರಣಗಳಿವೆ. ಕೈ ಮುಂದಕ್ಕೆ ನೂಕುವುದು ಮೊದಲನೆಯದು. ಗರಗಸ ಕೊಯ್ಯುವುದು ಕೆಳಗಿಳಿಯುವಾಗ ಮಾತ್ರ, ಅದೂ ತನ್ನ ಭಾರದಿಂದಲೇ, ನೀವು ಒತ್ತಬೇಕಾಗಿಲ್ಲ. ಬ್ಲೇಡು ನೆಟ್ಟಗಿರಲಿ, ಪೂರ್ತಿ ಉದ್ದ ಬಳಸಿ. ಮೂಲೆ ಬಂದಾಗ ಇದ್ದಲ್ಲೇ ಮೇಲೆ-ಕೆಳಗೆ ಆಡಿಸುತ್ತ ತಗಡನ್ನು ನಿಧಾನವಾಗಿ ತಿರುಗಿಸಿ. ಹಿಡಿ ತಿರುಗಿಸಿದರೆ ಬ್ಲೇಡು ತಿರುಚಿಕೊಂಡು ಹೋಗುತ್ತದೆ. ಜೇನುಮೇಣವನ್ನು ಬ್ಲೇಡಿನ ಬೆನ್ನಿಗೆ ಸವರಿ. ಹಲ್ಲಿಗೆ ತುಂಬಿದರೆ ಪುಡಿ ಕಚ್ಚಿಕೊಳ್ಳುತ್ತದೆ.

ಅಭ್ಯಾಸ ಹೀಗಿರಲಿ: ತಗಡಿನ ಮೇಲೆ 2 ಮಿ.ಮೀ. ಅಂತರದಲ್ಲಿ ಹತ್ತು ಸಮಾನಾಂತರ ಗೆರೆ ಎಳೆದು, ಗೆರೆಯ ಹೊರಅಂಚಿನಲ್ಲಿ ಕೊಯ್ಯಿರಿ. ಆ ಪಟ್ಟಿಗಳನ್ನು ಅರದಿಂದ ಗೆರೆಯವರೆಗೆ ತನ್ನಿ. ನಂತರ 20 ಮಿ.ಮೀ. ಚೌಕ, ಅದರೊಳಗೆ ಬ್ಲೇಡು ತೂರುವಷ್ಟು ರಂಧ್ರ ಕೊರೆದು ಒಳಗೊಂದು ಎಲೆಯ ಆಕಾರ. ಅರ ತಳ್ಳುವಾಗಷ್ಟೇ ಉಜ್ಜಬೇಕು, ಹಿಂದಕ್ಕೆ ಬರುವಾಗ ಎತ್ತಿಕೊಳ್ಳಿ. ಚೌಕದ ಅಂಚನ್ನು ಉಕ್ಕಿನ ಅಳತೆಪಟ್ಟಿಗೆ ತಾಗಿಸಿ ಬೆಳಕಿಗೆ ಹಿಡಿಯಿರಿ. ಬಹುತೇಕರ ಅಂಚು ನಡುವೆ ಉಬ್ಬಿ ತುದಿಗಳಲ್ಲಿ ಇಳಿದಿರುತ್ತದೆ, ಏಕೆಂದರೆ ಅರ ಕೈಯಲ್ಲಿ ಮೇಲೆ-ಕೆಳಗೆ ತೂಗಾಡುತ್ತದೆ. ನಾಲ್ಕೂ ಬದಿ 0.1 ಮಿ.ಮೀ. ಒಳಗೆ ಸಮ ಬಂದ ಮೇಲೆ ಮುಂದೆ ಹೋಗಿ.

ಒಂದು ಎಚ್ಚರಿಕೆ. ಸೀಸ ಅಥವಾ ಎಲೆಕ್ಟ್ರಿಕ್ ಕೆಲಸದ ತವರದ ಬೆಸುಗೆಗೆ ತಾಗಿದ ಅರವನ್ನು ಬೆಳ್ಳಿಗೆ ಬಳಸಬಾರದು. ಅದರ ಕಣ ಉಳಿದರೆ, ಕಾಯಿಸಿದಾಗ ಬೆಳ್ಳಿಯನ್ನೇ ತಿಂದು ಗುಳಿ ಮಾಡುತ್ತದೆ. ಚಿನ್ನಕ್ಕೂ ಅದೇ ಗತಿ.

ಪ್ರಶ್ನೆ: ಬೆಳ್ಳಿ ಬೆಸುಗೆ ಹಾಕಲು ಹೋದರೆ ಅದು ಉಂಡೆಕಟ್ಟಿ ನಿಲ್ಲುತ್ತದೆ. ಕೆಲವೊಮ್ಮೆ ಹರಿದರೂ ಒಂದೇ ಬದಿಗೆ ಹರಿಯುತ್ತದೆ. ಬಿಳಿಗಾರ (ಬೋರಾಕ್ಸ್) ಸಾಲದೆ? (ಹುಬ್ಬಳ್ಳಿಯ ಓದುಗಿ)

ಉತ್ತರ: ಬಿಳಿಗಾರ ಕಡಿಮೆಯಾದ್ದರಿಂದ ಹೀಗಾಗುವುದು ಅಪರೂಪ. ನಿಮ್ಮ ಜ್ವಾಲೆ ಬೆಸುಗೆಯ ಮೇಲೆ ಬೀಳುತ್ತಿದೆ. ಬೆಸುಗೆಯ ತುಣುಕು ಚಿಕ್ಕದು, ಬೇಗ ಕರಗುತ್ತದೆ. ಸುತ್ತಲ ಲೋಹ ಇನ್ನೂ ತಣ್ಣಗಿರುವುದರಿಂದ ಹರಿಯಲು ದಾರಿಯಿಲ್ಲದೆ ಉಂಡೆಯಾಗುತ್ತದೆ. ಬೆಸುಗೆ ಬಿಸಿ ಇರುವ ಕಡೆ ಓಡುತ್ತದೆ. ಒಂದು ಬದಿಗೆ ಹರಿದಿದ್ದರೆ ಆ ಬದಿ ಹೆಚ್ಚು ಕಾದಿತ್ತು ಎಂದರ್ಥ. ದಪ್ಪ ಭಾಗಕ್ಕೆ ಹೆಚ್ಚು ಹೊತ್ತು, ತೆಳು ಭಾಗಕ್ಕೆ ಕಡಿಮೆ ಹೊತ್ತು ಉರಿ ತೋರಿಸಿ. ಚಿಮಟ ಕಚ್ಚಿದ ಕಡೆ ಶಾಖ ಹೀರಿಹೋಗುತ್ತದೆ ಎಂಬುದೂ ನೆನಪಿರಲಿ.

ಕ್ರಮ ಹೀಗೆ. ಕೂಡಿಸುವ ಎರಡು ಅಂಚನ್ನೂ ಅರದಿಂದ ಸಮಮಾಡಿ, ಬೆಳಕಿಗೆ ಹಿಡಿದರೆ ಸಂದು ಕಾಣಬಾರದು. ಬೆಸುಗೆ ಸಂದು ತುಂಬುವ ವಸ್ತುವಲ್ಲ. 400 ನಂಬರ್ ಎಮರಿ ಕಾಗದದಿಂದ ಉಜ್ಜಿದ ಮೇಲೆ ಬೆರಳು ತಾಗಿಸಬೇಡಿ, ಎಣ್ಣೆಯಂಶ ಅಂಟಿದರೂ ಬೆಸುಗೆ ಹತ್ತುವುದಿಲ್ಲ. ಬಿಳಿಗಾರವನ್ನು ನೀರಲ್ಲಿ ತೇಯ್ದು ಹಚ್ಚಿ, ಸುಮಾರು 1 ಮಿ.ಮೀ. ಚೌಕದ ತುಣುಕುಗಳನ್ನಿಡಿ. ಉರಿ ದೂರದಿಂದ ಸುತ್ತ ಆಡಿಸಿ. ಮೊದಲು ನೀರು ಹೋಗುತ್ತದೆ, ಬಿಳಿಗಾರ ಮಂಡಕ್ಕಿಯಂತೆ ಅರಳಿ ತುಣುಕನ್ನು ಎತ್ತಿಹಾಕುತ್ತದೆ. ಆತುರಪಟ್ಟರೆ ತುಣುಕು ಹಾರಿಹೋಗುವುದು ಇಲ್ಲೇ. ಉಕ್ಕಿನ ಸೂಜಿಯಿಂದ ಜಾಗಕ್ಕೆ ತಳ್ಳಿ. 740 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬಿಳಿಗಾರ ಗಾಜಿನಂತೆ ತಿಳಿಯಾಗುತ್ತದೆ. ಅದು ಕಂಡ ಮೇಲೆ ಜ್ವಾಲೆ ಹತ್ತಿರ ತಂದು ಸಂದಿನ ಎರಡೂ ಬದಿ ಒಟ್ಟಿಗೆ ಕಾಯಿಸಿ. ಸಂದಿನುದ್ದಕ್ಕೂ ಹೊಳೆಯುವ ಗೆರೆ ಓಡಿದ ಕ್ಷಣವೇ ಉರಿ ತೆಗೆಯಿರಿ. ಬೆಳ್ಳಿ 962 ಡಿಗ್ರಿಗೆ ಕರಗುತ್ತದೆ, 92.5 ಬೆಳ್ಳಿ (ನೂರಕ್ಕೆ 92.5 ಭಾಗ ಬೆಳ್ಳಿ ಇರುವ ಮಿಶ್ರಲೋಹ) ಅದಕ್ಕೂ ಮೊದಲೇ. ಹೆಚ್ಚು ಹೊತ್ತು ಕಾಯಿಸಿದರೆ ಬೆಸುಗೆಯಲ್ಲಿನ ಸತು ಆವಿಯಾಗಿ ಸಂದು ತೂತುತೂತಾಗುತ್ತದೆ.

ಎರಡು ನಿಮಿಷ ಕಾಯಿಸಿಯೂ ಹರಿಯದಿದ್ದರೆ ಮತ್ತೆ ಉರಿ ಜೋರು ಮಾಡಬೇಡಿ. ಬಿಳಿಗಾರ ಸತ್ತಿದೆ, ಲೋಹ ಕಪ್ಪಾಗಿದೆ. ತಣಿಸಿ, ತೊಳೆದು, ಮೊದಲಿಂದ ಶುರುಮಾಡಿ. ತೊಳೆಯಲು ಲೀಟರ್ ನೀರಿಗೆ 100 ಗ್ರಾಂ ಸಿಟ್ರಿಕ್ ಆಮ್ಲ ಹಾಕಿ ಬಿಸಿಮಾಡಿದರೆ ಸಾಕು, ಮನೆಯಲ್ಲಿ ಗಂಧಕಾಮ್ಲ ಇಡುವ ಅಗತ್ಯವಿಲ್ಲ. ಆದರೆ ಕಬ್ಬಿಣದ ಚಿಮಟ ಅದರಲ್ಲಿ ಮುಳುಗಿಸಬೇಡಿ, ಕಟ್ಟಿದ ಕಬ್ಬಿಣದ ತಂತಿಯನ್ನೂ ಬಿಚ್ಚಿ ಹಾಕಿ. ಇಲ್ಲವಾದರೆ ಬೆಳ್ಳಿಯ ಮೇಲೆ ತಾಮ್ರ ಕೂರುತ್ತದೆ.

ಬೆಸುಗೆ ಕೊಳ್ಳುವಾಗ ಕ್ಯಾಡ್ಮಿಯಂ ಇಲ್ಲದ್ದನ್ನೇ ಕೇಳಿ. ಒಡವೆ ಅಂಗಡಿಗಳಲ್ಲಿ ಕೇಳಿಬರುವ 'ಕೆಡಿಎಂ' ಇದೇ ಕ್ಯಾಡ್ಮಿಯಂ. ಅದರ ಹೊಗೆ ಶ್ವಾಸಕೋಶಕ್ಕೂ ಮೂತ್ರಪಿಂಡಕ್ಕೂ ಹಾನಿಮಾಡುತ್ತದೆ. ಕಿಟಕಿ ತೆರೆದು, ಹೊಗೆ ಮುಖದಿಂದ ಆಚೆ ಹೋಗುವಂತೆ ಕೂರಿ. ಹಿತ್ತಾಳೆಯನ್ನು ಅತಿಯಾಗಿ ಕಾಯಿಸಿದರೂ ಸತುವಿನ ಬಿಳಿ ಹೊಗೆ ಏಳುತ್ತದೆ.

ಪ್ರಶ್ನೆ: ತಾಮ್ರದ ಪಟ್ಟಿಯಿಂದ ಉಂಗುರ ಬಗ್ಗಿಸುವಾಗ ಗಡುಸಾಗಿ ಬಿರುಕು ಬಿಡುತ್ತಿದೆ. ಜೊತೆಗೆ ಅಳತೆಯೂ ಪ್ರತಿ ಸಲ ಚಿಕ್ಕದಾಗುತ್ತಿದೆ. (ಮಂಗಳೂರಿನ ಓದುಗ)

ಉತ್ತರ: ಬಡಿದಷ್ಟೂ, ಬಗ್ಗಿಸಿದಷ್ಟೂ, ಕಂಬಚ್ಚಿನಲ್ಲಿ (ತಂತಿ ಸಣ್ಣಗೆ ಎಳೆಯುವ ತೂತುಗಳ ಅಚ್ಚು) ಎಳೆದಷ್ಟೂ ಲೋಹ ಬಿರುಸಾಗುತ್ತದೆ. ಕೈಗೆ ಸೆಡೆತ ತಿಳಿದ ಕೂಡಲೇ ನಿಲ್ಲಿಸಿ ಕಾಯಿಸಿ. ತಾಮ್ರ ಮಂದ ಕೆಂಪಾಗಬೇಕು. ಹಗಲು ಬೆಳಕಲ್ಲಿ ಆ ಕೆಂಪು ಕಾಣದೆ ಹೆಚ್ಚು ಕಾಯಿಸಿಬಿಡುತ್ತಾರೆ, ಕೋಣೆ ಮಬ್ಬು ಮಾಡಿಕೊಳ್ಳಿ. ನಂತರ ನೀರಿಗೆ ಅದ್ದಿ ತೊಳೆಯಿರಿ.

ಅಳತೆ ತಪ್ಪುವುದು ದಪ್ಪವನ್ನು ಲೆಕ್ಕಕ್ಕೆ ಹಿಡಿಯದ್ದರಿಂದ. ಒಳವ್ಯಾಸಕ್ಕೆ ಪಟ್ಟಿಯ ದಪ್ಪ ಕೂಡಿಸಿ 3.14ರಿಂದ ಗುಣಿಸಿ. ಒಳವ್ಯಾಸ 17, ದಪ್ಪ 1.5 ಮಿ.ಮೀ. ಆದರೆ 18.5 × 3.14 = 58.1 ಮಿ.ಮೀ. ಬರೀ 17ಕ್ಕೆ ಗುಣಿಸಿದರೆ 53.4 ಬರುತ್ತದೆ, ಬೆರಳಿಗೆ ಏರುವುದಿಲ್ಲ. ಅಂಚು ಸಮಮಾಡಲು ಅರ್ಧ ಮಿ.ಮೀ. ಹೆಚ್ಚಿಗೆ ಬಿಡಿ.

ಪ್ರಶ್ನೆ: ಸೇರುವಾಗ ಯಜಮಾನರ ಬಳಿ ಏನು ಮಾತಾಡಿಕೊಳ್ಳಬೇಕು? ಲೆಕ್ಕ ಕೇಳುತ್ತಾರಂತೆ, ನಿಜವೆ? (ದಾವಣಗೆರೆಯ ಓದುಗಿ)

ಉತ್ತರ: ಕೇಳಿದರೆ ಒಳ್ಳೆಯದೇ. 22 ಕ್ಯಾರೆಟ್ ಅಂದರೆ 916 (ಸಾವಿರ ಭಾಗದಲ್ಲಿ 916 ಭಾಗ ಚಿನ್ನ), 18 ಅಂದರೆ 750 ಎಂಬುದು ಬಾಯಲ್ಲಿರಲಿ. 10 ಗ್ರಾಂ ಅಪರಂಜಿಯನ್ನು 22 ಕ್ಯಾರೆಟ್ ಮಾಡಲು 0.91 ಗ್ರಾಂ ಮಿಶ್ರಲೋಹ ಬೇಕು (10 × 24 ÷ 22 = 10.91). ಕರಾವಳಿಯಲ್ಲಾದರೆ ಒಂದು ಪವನು 8 ಗ್ರಾಂ.

ಕಲಿಕೆಯ ಅವಧಿ, ಸ್ಟೈಪೆಂಡ್, ಕೆಲಸದ ಹೊತ್ತು ಕಾಗದದ ಮೇಲಿರಲಿ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಒಪ್ಪಂದ ನೋಂದಾಯಿಸಲು ಸಾಧ್ಯವೇ ಎಂದು ಮುಜುಗರವಿಲ್ಲದೆ ಕೇಳಿ. ಅದಕ್ಕಿಂತ ಮುಖ್ಯವಾಗಿ, ಕೊಟ್ಟ ಲೋಹವನ್ನು ಪ್ರತಿದಿನ ತೂಗಿಸಿಕೊಂಡು, ಸಂಜೆ ತುಣುಕು, ಅರದ ಪುಡಿ ಸಮೇತ ತೂಗಿ ಹಿಂತಿರುಗಿಸುವ ಪದ್ಧತಿ ಇದೆಯೇ ವಿಚಾರಿಸಿ. ಅದಿಲ್ಲದ ಕಡೆ ಕೊರತೆ ಬಿದ್ದಾಗ ಬೆರಳು ತೋರುವುದು ಹೊಸಬರ ಕಡೆಗೇ. ತಾಮ್ರದಲ್ಲಿ ಅಭ್ಯಾಸ ಮಾಡುವಾಗಲೇ ತೊಡೆಯ ಮೇಲೆ ಚರ್ಮದ ಹಾಸು ಕಟ್ಟಿ ಪುಡಿಯನ್ನೆಲ್ಲ ಡಬ್ಬಿಗೆ ಸೇರಿಸಿ. ಶುರುವಿನ ತೂಕಕ್ಕೂ ಕೊನೆಯ ತೂಕಕ್ಕೂ ಎಷ್ಟು ವ್ಯತ್ಯಾಸ ಬಂತೆಂದು ಪುಸ್ತಕದಲ್ಲಿ ಬರೆದಿಡಿ.