ಕಾಲ್ ಮಷೀನಿನ್ಯಾಗ ಕೌದಿ: ಅಂಚಿನಿಂದ ಶುರು ಮಾಡಬ್ಯಾಡ್ರಿ

ಅಕ್ಕಾರ, ನಿಮ್ಮ ಫೋಟೋ ನೋಡಿ ಮೊದಲ ನಗು ಬಂತ್ರಿ, ಸಿಟ್ಟಾಗಬ್ಯಾಡ್ರಿ. ಕೌದಿ ನಡುವ ಪೂರಿಯಂಗ ಉಬ್ಬೇತಿ, ಸೂಜಿ ಕೆಳಗ ಅರಿವಿ ಜಗ್ಗೂ ಮಷೀನಿನ ಹಲ್ಲು ಸವದಾವೇನೋ, ಅಜ್ಜಿಯ ಸಿಂಗರ್ ಮಾರಿ ಕರೆಂಟಿನ ಮಷೀನು ತಗೊಳ್ಳೇನು ಅಂತ ಕೇಳೀರಿ. ಹಲ್ಲಿಗೇನೂ ಆಗಿಲ್ಲ. ಅಂಚಿನಿಂದ ಶುರು ಮಾಡಿ ಸುತ್ತಾ ಹೊಲಕೋತ ಒಳಗ ಬಂದೀರಿ, ಎಡವಟ್ಟು ಆಗಿದ್ದು ಅಲ್ಲೇ.

ನಾನೂ ಇದನ್ನ ಮಾಡಿ ಕುಂತಾಕಿ. ಮಗಳ ಬಾಣಂತನಕ್ಕಂತ ಅವ್ವನ ಎರಡು ಹತ್ತಿ ಸೀರಿ, ಅಪ್ಪನ ಒಂದು ಧೋತರ ಕೂಡಿಸಿ ಕೂಸಿನ ಕೌದಿ ಹಾಕಿದ್ದೆ. ಅವ್ವ ಕೈಲೆ ಹೊಲಿಯೂ ಮುಂದ ಅಂಚು ಹಿಡದು ಸುತ್ತಾ ಬರತಿದ್ಲು, ನಾನೂ ಹಂಗ ಎರಡು ದಿನ ತುಳದೆ. ನಡುವಿಗೆ ಬರೂದ್ರಾಗ ಮುಷ್ಟಿಯಷ್ಟು ಅರಿವಿ ಮಿಕ್ಕಿತು. ಒತ್ತಿ ನೆರಿಗಿ ಹಾಕಿ, ಮ್ಯಾಲೊಂದು ಕೆಂಪು ತುಂಡು ಹಚ್ಚಿ ಮುಚ್ಚಿಬಿಟ್ಟೆ. ಅವ್ವ ಕೈ ಆಡಿಸಿ, "ಒಳಗ ಉಳ್ಳಾಗಡ್ಡಿ ಇಟ್ಟು ಹೊಲದೀಯೇನ?" ಅಂದ್ಲು. ಎರಡು ದಿನದ ಹೊಲಿಗಿ ಬಿಚ್ಚಾಕ ನಾಕು ದಿನ ಹಿಡೀತು.

ಕೈ ಹೊಲಿಗಿಯೊಳಗ ಸೂಜಿ ಎಲ್ಲಾ ಪದರು ಒಮ್ಮೆಲೆ ಹಿಡೀತೈತಿ, ಎಡಗೈ ಕೆಳಗ ಸವರಕೋತ ಇರತೈತಿ. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಣ್ಣುಮಕ್ಕಳ ಕವಂದಿ ಅನ್ನೂ ಕೌದಿನೂ ಅಂಚಿನಿಂದನ ಒಳಗ ಬರತೈತಿ, ಮೂಲಿಗೆ ‘ಫೂಲಾ’ ಅಂತ ಹೂವಿನಂಗ ಅರಿವಿ ತುಂಡು ಮಡಚಿ ಹಚ್ಚತಾರ, ಎಷ್ಟು ಚಂದ ಕುಂದರತೈತಿ. ಅದು ಕೈಯ ಕೆಲಸ. ಮಷೀನಿನ ಹಲ್ಲು ಕೆಳಗಿನ ಪದರನ್ನಷ್ಟ ಜಗ್ಗತಾವ, ಮ್ಯಾಲಿನದನ್ನ ಅರಿವಿ ಹಿಡಿಯೂ ಮಷೀನಿನ ಪಾದ ಒತ್ತಿ ಮುಂದಕ್ಕ ತಳ್ಳತೈತಿ. ಸುತ್ತಲೂ ಅಂಚು ಮುಚ್ಚಿದ ಮ್ಯಾಲ ಆ ಹೆಚ್ಚಿನ ಅರಿವಿ ಎಲ್ಲಿಗೆ ಹೋಗಬೇಕು ಹೇಳ್ರಿ?

ನಡುವಿನಿಂದ ಹೊರಗ ಹೊಲೀರಿ. ಉದ್ದಕ್ಕೊಂದು, ಅಡ್ಡಕ್ಕೊಂದು, ಆಮ್ಯಾಲ ನಾಕೂ ಭಾಗ. ಮಿಕ್ಕಿದ್ದು ಅಂಚಿಗೆ ಬರತೈತಿ, ಕತ್ತರಿಸಿ ಪಟ್ಟಿ ಹಚ್ಚಿದ್ರಾತು. ಅದಕ್ಕೂ ಮೊದಲ ಗೇಣಿಗೊಂದು ಕಚ್ಚಾ ಹೊಲಿಗಿ. ಸೇಫ್ಟಿ ಪಿನ್ ನನಗ ಸೇರಂಗಿಲ್ಲ, ಒಂದು ಮರತ್ರೂ ಸೂಜಿ ಹೋತು. ಪಾದದ ಒತ್ತಡ ಹೆಚ್ಚು ಕಡಿಮಿ ಮಾಡೂ ಮ್ಯಾಲಿನ ಸ್ಕ್ರೂ ಒಂದೆರಡು ಸುತ್ತು ಸಡ್ಲ ಮಾಡ್ರಿ, ಆದ್ರ ಬ್ಲೌಸ್ ಹೊಲಿಯೂ ಮುಂದ ಮತ್ತ ಬಿಗಿ ಮಾಡೂದು ಮರೀಬ್ಯಾಡ್ರಿ. ಇಂಚಿಗೆ 8 ಟಾಕಾ ಸಾಕು. ಸೂಜಿ 16 ನಂಬರಿಂದು, ಪದರು ಭಾಳ ಇದ್ರ 18. ದಡಿ ಮ್ಯಾಲ ದಡಿ ಬಂದಲ್ಲಿ ತುಳೀಬ್ಯಾಡ್ರಿ, ಗಾಲಿ ಕೈಲೆ ತಿರುವ್ರಿ. ಪಾಲಿಸ್ಟರ್ ಸೀರಿ ನಡುವ ಹಾಕೀರಂತಲ್ಲ, ಅದು ಜಾರತೈತಿ, ದಯವಿಟ್ಟು ತಗೀರಿ. ವಾಕಿಂಗ್ ಫೂಟ್ ಅನ್ನೂ ಬ್ಯಾರೆ ಪಾದ ಹಚ್ರಿ ಅಂತ ನಿಮ್ಮ ಫೋಟೋಕ್ಕ ಒಬ್ರು ಉತ್ತರ ಬರದಾರ. ಹೌದು, ಅದು ಮ್ಯಾಲಿನ ಪದರನ್ನೂ ಜೊತಿಗೆ ನಡಸತೈತಿ, ಆದ್ರ ಅಂಚಿನಿಂದ ಸುತ್ತಿ ಬಂದ್ರ ಅದೂ ಪೂರ್ತಿ ಕಾಯಂಗಿಲ್ಲ.

ಕೌದಿಯ ಭಾರ ಎಡಕ್ಕ ಜೋತು ಬಿದ್ರ ಸೂಜಿ ಬಾಗಿ ಮುರೀತೈತಿ. ಬಾಜೂಕ ಒಂದು ಟೇಬಲ್ ಸರಸ್ರಿ, ನಂದು ಹಳೇ ಹೊರಸು.

ಇನ್ನ ಫೋಟೋದಾಗ ಮಷೀನಿನ ಹಂತ್ಯಾಕ ಕೊಬ್ಬರಿ ಎಣ್ಣಿ ಬಾಟ್ಲಿ ಐತಲ್ಲ, ಅದು ತಲಿಗೆ ಅಂತ ತಿಳಕೊಂಡೀನಿ! ಅದು 24 ಡಿಗ್ರಿ ಸುಮಾರು ಥಂಡಿಗೆ ಗಟ್ಟಿ ಆಗತೈತಿ. ಡಿಸೆಂಬರದಾಗ ಧಾರವಾಡದ ಬೆಳಿಗ್ಗೆ ಗಾಲಿ ಅಳ್ಳಾಡಂಗಿಲ್ಲ. ಮೊದಲಿನ ಜಿಡ್ಡು ಸೀಮೆಎಣ್ಣಿಲೆ ತೊಳದು, ಒಣಗಿಸಿ, ಮಷೀನ್ ಎಣ್ಣಿನ ಹಾಕ್ರಿ. ಬೆಲ್ಟಿಗೆ ಮಾತ್ರ ಒಂದು ಹನಿನೂ ತಾಗಬಾರದು, ಜಾರತೈತಿ. ಮಳಿಗಾಲದಾಗ ತೊಗಲಿನ ಬೆಲ್ಟ್ ಉದ್ದ ಆತಂದ್ರ ಕಾಲು ಇಂಚು ಕಾಲು ಇಂಚು ಕತ್ತರಿಸ್ರಿ, ಒಮ್ಮೆಲೆ ಬ್ಯಾಡ.

ಮಾರೂ ಮಾತು ಬಿಡ್ರಿ. ದಪ್ಪ ಕೌದಿಗೆ ಹಳೇ ಕರೀ ಸಿಂಗರ್, ಉಷಾ ಮುಂದ ಪ್ಲಾಸ್ಟಿಕ್ಕಿನ ಹಗೂರ ಮಷೀನು ನನಗಂತೂ ಮನಸ್ಸಿಗೆ ಬರಂಗಿಲ್ಲ. ನಿಮ್ಮದರ ಮ್ಯಾಲ ನಂಬರ್ ‘ವೈ’, ‘ಎಫ್’ ಇಲ್ಲಾ ‘ಜೆ’ ಅನ್ನೂ ಒಂದ ಅಕ್ಷರದಿಂದ ಶುರು ಆಗಿದ್ರ ಅದು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯ ಮಾಲು, ಆ ಕಾರ್ಖಾನೆ 1980ಕ್ಕ ಮುಚ್ಚೇತಿ. ಕೆಳಗಿನ ದಾರ ಸುತ್ತೂ ಬಾಬಿನ್ ಗುಂಡಗ ಐತೋ, ಪೆನ್ಸಿಲಿನಂಗ ಉದ್ದ ಐತೋ ನೋಡ್ರಿ. ಉದ್ದಂದಾದ್ರ 27 ಇಲ್ಲಾ 127 ಮಾಡೆಲ್ ಇರಬಹುದು, ಅದಕ್ಕ ಗುಂಡ ಬಾಬಿನ್ ತರಾಕ ಹೋಗಬ್ಯಾಡ್ರಿ.

ಈಗ ಹಾಕಿದ ಹೊಲಿಗಿ ಬಿಚ್ಚಾಕ ಬ್ಲೇಡ್ ಬ್ಯಾಡ. ಹಿಂದಿನ ಬಾಜು ನಾಕು ಟಾಕಾಕ್ಕೊಂದು ಕತ್ತರಿಸಿ, ಮುಂದಿನ ದಾರ ಜಗ್ರಿ, ಸರ್ರಂತ ಬರತೈತಿ.