ಪ್ರಾದೇಶಿಕ ಚಾಲಕರ ತಾರಾ ಪಂದ್ಯ

ಪ್ರಶ್ನೆ: ಅಮೆರಿಕದ ಕಾರ್ ರೇಸ್ ಸಂಸ್ಥೆಯಾದ ನಾಸ್ಕಾರ್‌ನಲ್ಲಿ ಪ್ರಾದೇಶಿಕ ಸರಣಿಗಳ ಚಾಲಕರಿಗೂ ಆಲ್‌-ಸ್ಟಾರ್ ಪಂದ್ಯ ಇತ್ತಂತೆ. ಅದರ ವಿಶೇಷವೇನು? (ಓದುಗರೊಬ್ಬರು, ಹಾಸನ)

ಉತ್ತರ: ಇತ್ತು. ಟೊಯೋಟಾ ಆಲ್‌-ಸ್ಟಾರ್ ಶೋಡೌನ್ ಎಂಬ ಆ ಪಂದ್ಯವು 2003ರಿಂದ ಲಾಸ್ ಏಂಜಲೀಸ್ ಬಳಿಯ ಅರ್ವಿಂಡೇಲ್‌ನ ಅರ್ಧ ಮೈಲಿಯ ಅಂಡಾಕಾರದ ಪಥದಲ್ಲಿ ನಡೆಯುತ್ತಿತ್ತು. ಪೂರ್ವ ಮತ್ತು ಪಶ್ಚಿಮ ಸರಣಿಗಳ ಚಾಲಕರು ವರ್ಷವಿಡೀ ತಮ್ಮ ತಮ್ಮ ಸೀಮೆಯಲ್ಲೇ ಸೆಣಸುತ್ತಿದ್ದುದರಿಂದ, ಯಾರು ಮೇಲು ಎಂಬ ಹಳೆಯ ವಾದಕ್ಕೆ ಅಂಕಪಟ್ಟಿಯಲ್ಲಿ ಉತ್ತರ ಸಿಗುತ್ತಿರಲಿಲ್ಲ. ಎರಡೂ ಕಡೆಯ ಮುಂಚೂಣಿಯವರನ್ನು ಒಂದೇ ಪಥಕ್ಕಿಳಿಸಿದ್ದೇ ಇದರ ಸ್ವಾರಸ್ಯ.

ಇಷ್ಟು ಚಿಕ್ಕ ಪಥದಲ್ಲಿ ಎಂಜಿನ್ನಿನ ಬಲಕ್ಕಿಂತ ತಿರುವಿನಲ್ಲಿ ಬ್ರೇಕ್ ಹಾಕುವ ಹದವೂ ಟೈರ್ ಉಳಿಸಿಕೊಳ್ಳುವ ಜಾಣ್ಮೆಯೂ ಮುಖ್ಯವಾಗುತ್ತವೆ. ಕಾರುಗಳು ಒಂದಕ್ಕೊಂದು ತಾಗುವುದು ಇಲ್ಲಿ ಮಾಮೂಲು, ಆದರೆ ಅದಕ್ಕೂ ಮಿತಿಯುಂಟು. 2009ರ ಜನವರಿಯಲ್ಲಿ ಆಗಿನ್ನೂ ಹದಿಹರೆಯದ ಜೋಯಿ ಲೊಗಾನೊ ಕೊನೆಯ ಸುತ್ತಿನಲ್ಲಿ ಪೇಟನ್ ಸೆಲ್ಲರ್ಸ್ ಅವರ ಕಾರಿಗೆ ಗುದ್ದಿ ಗುರಿ ದಾಟಿದರೂ, ಅಧಿಕಾರಿಗಳು ಆ ಗೆಲುವನ್ನು ಒಪ್ಪದೆ ಮ್ಯಾಟ್ ಕೋಬಿಲಕ್ ಅವರನ್ನು ವಿಜೇತರೆಂದು ಘೋಷಿಸಿದರು. ನಮ್ಮ ದೃಷ್ಟಿಯಲ್ಲಿ ಅದು ಸರಿಯಾದ ತೀರ್ಪು. ಲೊಗಾನೊ ಮುಂದೆ ನಾಸ್ಕಾರ್‌ನ ಅತ್ಯುನ್ನತ ಕಪ್ ಸರಣಿಯಲ್ಲಿ 2018, 2022 ಹಾಗೂ 2024ರಲ್ಲಿ ಚಾಂಪಿಯನ್ ಆದರು. ಅರ್ವಿಂಡೇಲ್ ಪಥ ಮಾತ್ರ 2024ರ ಡಿಸೆಂಬರ್‌ನಲ್ಲಿ ಮುಚ್ಚಿತು.